ಪೋಲೀಸಿನವರ ಪಟ್ಟಿ, ಸಂಘದ ಪೆಟ್ಟಿಗೆ

(ಗೋಪಾಳದಲ್ಲಿ ಕಳೆದ ಭಾನುವಾರ ಸಂಜೆ ನಡೆದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)

ಮಾನ್ಯ ಅಧ್ಯಕ್ಷರೇ, ಭದ್ರಾವತಿಯಿಂದ ಪಾಳಿ ಮುಗಿಸಿ ನೇರವಾಗಿ ಬಸ್ಸು ಹತ್ತಿ ಬಂದಿರುವ ಕಾರ್ಮಿಕ ಬಂಧುಗಳೇ, ಗಾಂಧಿ ಬಜಾರಿನಲ್ಲಿ ಅಂಗಡಿಯ ಬಾಗಿಲು ಸ್ವಲ್ಪ ಬೇಗ ಎಳೆದು ಬಂದಿರುವ ವರ್ತಕ ಮಿತ್ರರೇ, ತಾಯಂದಿರೇ,

ಇಂದಿನ ವಿಷಯವನ್ನು ಕರಪತ್ರದಲ್ಲಿ ಓದಿ ನಮ್ಮವರೇ ಕೆಲವರು ನಕ್ಕರೆಂದು ಕೇಳಿದೆವು. "ಮೇಷ್ಟ್ರಿಗೆ ಬೇರೇನೂ ಸಿಗಲಿಲ್ಲವೆ? ಬೋನಸ್ಸಿನ ಮಾತು ಬಿಟ್ಟು ಮಂಗಳಮುಖಿಯರ ಸಂಘದ ಹಳೆಯ ಕಾಗದಗಳ ಮಾತೆ?" ಎಂದು ಒಬ್ಬರು ಕೇಳಿದರಂತೆ. ಕೇಳಿದ್ದು ತಪ್ಪಲ್ಲ. ಕೇಳಿದವರು ಮೂರನೆಯ ಸಾಲಿನಲ್ಲಿ ಕುಳಿತಿದ್ದಾರೆ, ಹೆಸರು ಹೇಳುವುದಿಲ್ಲ. ಅವರಿಗೇ ಮೊದಲು ಉತ್ತರ ಕೊಡಬೇಕೆಂದಿದ್ದೇವೆ.

ಕಾಗದದ ಬೆಲೆಯನ್ನು ಭದ್ರಾವತಿಯವರಿಗೆ ನಾವು ಹೇಳಿಕೊಡುವುದೆಂದರೆ ಕಮ್ಮಾರನಿಗೆ ಸೂಜಿ ಮಾರಲು ಹೋದ ಹಾಗೆ. 1936ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆಯ ಊರು ಅದು. ಎಷ್ಟು ಕಚೇರಿಗಳ ಕಡತ, ಎಷ್ಟು ಮಕ್ಕಳ ಬರೆಯುವ ಪುಸ್ತಕ ಅಲ್ಲಿಯ ಯಂತ್ರದಿಂದ ಇಳಿದು ಹೋಗಿವೆಯೋ ಲೆಕ್ಕವಿಟ್ಟವರಿಲ್ಲ. 2015ರಲ್ಲಿ ಆ ಯಂತ್ರ ನಿಂತಿತು. ಕಾಗದ ಮಾಡಿದ ಕೈಗಳಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿದೆ: ಮನುಷ್ಯ ಎಷ್ಟು ವರ್ಷ ದುಡಿದರೂ, ದುಡಿದನೆಂದು ಹೇಳುವ ಒಂದು ಚೂರು ಕಾಗದವಿಲ್ಲದಿದ್ದರೆ ಕಚೇರಿಯ ಕಿಟಕಿಯ ಆಚೆ ಕುಳಿತವನಿಗೆ ಅವನು ದುಡಿದೇ ಇಲ್ಲ.

ನಮ್ಮ ಪರಿಚಯದ ಒಬ್ಬ ಗುತ್ತಿಗೆ ಕಾರ್ಮಿಕರ ಮಾತು ಕೇಳಿ. ಯಾವ ಕಾರ್ಖಾನೆ ಎಂಬುದು ಬೇಡ. ಹನ್ನೊಂದು ವರ್ಷ ಅಲ್ಲಿ ಹೊರೆ ಹೊತ್ತರು. ಗುತ್ತಿಗೆದಾರ ಬದಲಾದಾಗ ಹಾಜರಿ ಪುಸ್ತಕದಲ್ಲಿ ಅವರ ಹೆಸರೇ ಇರಲಿಲ್ಲ. ಅವರನ್ನು ಉಳಿಸಿದ್ದು ವಕೀಲರಲ್ಲ, ನಾವೂ ಅಲ್ಲ. ಅವರ ಮನೆಯಾಕೆ ಮದುವೆಯ ಸೀರೆಯ ಅಡಿಯಲ್ಲಿ ಟ್ರಂಕಿನೊಳಗೆ ವರ್ಷವರ್ಷದ ಗೇಟು ಚೀಟಿಗಳನ್ನು ದಾರ ಕಟ್ಟಿ ಇಟ್ಟಿದ್ದರು. "ಏನಕ್ಕಾದರೂ ಬೇಕಾದೀತು ಅಂತ ಇಟ್ಟೆ" ಎಂದರು. ಆ ದಾರ ಕಟ್ಟಿದ ಚೀಟಿಗಳೇ ಮೊಕದ್ದಮೆಯಾದವು.

ತಳ್ಳುಗಾಡಿಯ ಮಿತ್ರರಿಗೂ ಇದು ಹೊಸತಲ್ಲ. 2014ರಲ್ಲಿ ಬೀದಿ ವ್ಯಾಪಾರಿಗಳ ಕಾಯಿದೆ ಬಂತು. ಸಮೀಕ್ಷೆ ಮಾಡಿ ಗುರುತಿನ ಚೀಟಿ ಕೊಡಬೇಕೆಂದಿತು. ಸಮೀಕ್ಷೆಯವರು ಬಂದ ದಿನ ಜ್ವರದಿಂದ ಮಲಗಿದ್ದವನು ಇಪ್ಪತ್ತು ವರ್ಷದಿಂದ ಅದೇ ಮೂಲೆಯಲ್ಲಿ ಬಾಳೆಹಣ್ಣು ಮಾರಿದ್ದರೂ ಪಟ್ಟಿಗೆ ಸೇರುವುದಿಲ್ಲ.

ಹಾಗಾದರೆ ಪಟ್ಟಿಗೆ ಸೇರುವುದೇ ಸುಖವೆ? ಅಲ್ಲಿಯೇ ನಮ್ಮ ಮಾತಿನ ಗಂಟು ಇರುವುದು. ಪಟ್ಟಿಗಳಲ್ಲಿ ಎರಡು ಬಗೆ. ಒಂದು, ಆಳುವವರು ನಮ್ಮ ಮೇಲೆ ಬರೆದಿಡುವುದು. ಇನ್ನೊಂದು, ನಾವು ನಮಗಾಗಿ ಬರೆದಿಡುವುದು. ಮೊದಲನೆಯದರಲ್ಲಿ ಮಾತ್ರ ಹೆಸರಿದ್ದು ಎರಡನೆಯದರಲ್ಲಿ ಇಲ್ಲದ ಜನರ ಗತಿ ಏನಾಯಿತು, ಅವರು ಎರಡನೆಯದನ್ನು ಹೇಗೆ ಕಟ್ಟಿಕೊಂಡರು ಎಂಬುದನ್ನು ಹೇಳಲು ಮಂಗಳಮುಖಿಯರ ಚರಿತ್ರೆಗಿಂತ ಸ್ಪಷ್ಟವಾದ ಉದಾಹರಣೆ ನಮಗೆ ಕಾಣದು. ಅವರಿಗಾಗಿ ಮಾತ್ರ ಈ ಮಾತು ಎತ್ತಿದ್ದೇವೆಂದು ತಿಳಿಯಬೇಡಿ. ಅವರಿಂದ ಕಲಿಯಬೇಕಾದ್ದು ನಮಗಿದೆ.

ಮೊದಲು ನಮ್ಮದೇ ಒಂದು ಪಟ್ಟಿಯ ಕಥೆ. ನಾವು ಮೆಟ್ರಿಕ್ ಮುಗಿಸಿ ಕೆಲವು ವರ್ಷ ಒಂದು ಚಿಕ್ಕ ಶಾಲೆಯಲ್ಲಿ ಪಾಠ ಹೇಳಿದವರೆಂದು ತಮಗೆ ಗೊತ್ತು. ಹಾಜರಿ ಪುಸ್ತಕ ನಮ್ಮ ಕೈಯಲ್ಲಿತ್ತು. ಏಳನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಲೆಕ್ಕದಲ್ಲಿ ಬಲು ಚುರುಕು. ನಡಿಗೆ, ಮಾತು ಹೆಣ್ಣಿನ ಹಾಗೆ ಎಂದು ಉಳಿದ ಹುಡುಗರು ಕಾಡುತ್ತಿದ್ದರು. ಕರೆಯುತ್ತಿದ್ದ ಹೆಸರನ್ನು ಈ ವೇದಿಕೆಯ ಮೇಲೆ ಹೇಳುವುದಿಲ್ಲ. ತಮಗೆಲ್ಲ ಗೊತ್ತಿದೆ, ನಮ್ಮಲ್ಲಿ ಹಲವರು ಬಳಸಿಯೂ ಇದ್ದೇವೆ. ಬಿಡುವಿನ ಗಂಟೆ ಹೊಡೆದಾಗ ಆ ಮಗು ಮೂತ್ರಕ್ಕೆ ಹೋಗುತ್ತಿರಲಿಲ್ಲ. ಸಂಜೆಯವರೆಗೆ ತಡೆದುಕೊಂಡು ಕೂರುತ್ತಿತ್ತು. ನಾವು ನೋಡಿದ್ದೆವು. ನೋಡಿಯೂ "ಸ್ವಲ್ಪ ಗಂಡಸಿನ ಹಾಗಿರೋ" ಎಂದು ಬುದ್ಧಿ ಹೇಳಿದೆವು. ಅದನ್ನು ಉಪಕಾರವೆಂದು ತಿಳಿದಿದ್ದೆವು.

ದಸರಾ ರಜೆ ಮುಗಿದ ಮೇಲೆ ಅವನು ಬರಲಿಲ್ಲ. ಕೆಲವು ವಾರ ಕಾದು ಹೆಸರಿನ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಷರಾ ಅಂಕಣದಲ್ಲಿ "ದೀರ್ಘ ಗೈರುಹಾಜರಿ" ಎಂದು ಬರೆದೆವು. ಬರೆದದ್ದು ಸುಳ್ಳಲ್ಲ. ನಿಜವೂ ಅಲ್ಲ. ಓಡಿಸಿದವರು ಯಾರು ಎಂದು ಬರೆಯಲು ಆ ಪುಸ್ತಕದಲ್ಲಿ ಅಂಕಣವಿರಲಿಲ್ಲ. ಇದ್ದಿದ್ದರೆ ಮೊದಲ ಹೆಸರು ಯಾರದಾಗುತ್ತಿತ್ತೋ. ಮುಂದೆ ಯಾರಾದರೂ ಆ ಶಾಲೆಯ ಚರಿತ್ರೆ ಬರೆದರೆ ಆ ಮಗುವಿನ ಬಗ್ಗೆ ಸಿಗುವುದು ಆ ಎರಡು ಶಬ್ದ ಮಾತ್ರ. ಮಗುವಿನ ಕೈಬರಹ ಒಂದು ಸಾಲೂ ಇಲ್ಲ.

ಈಗ ದೊಡ್ಡ ಪಟ್ಟಿಗೆ ಬರೋಣ. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯಿದೆ ಮಾಡಿದರು. ಇಡೀ ಜಾತಿಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಸಾರಿದ ಕಾಯಿದೆ ಎಂದು ತಾವು ಕೇಳಿದ್ದೀರಿ. ಆದರೆ ಅದಕ್ಕೆ ಎರಡನೆಯ ಭಾಗವೊಂದಿತ್ತೆಂಬುದನ್ನು ನಾವೂ ಬಹಳ ತಡವಾಗಿ ತಿಳಿದೆವು. ಆ ಭಾಗ ಹಿಜಡಾಗಳ ಮೇಲೆ. ಮಕ್ಕಳನ್ನು ಕದಿಯುತ್ತಾರೆ, ಅನೈಸರ್ಗಿಕ ಅಪರಾಧ ಮಾಡುತ್ತಾರೆ ಎಂದು ಗುಮಾನಿ ಇರುವವರ ಹೆಸರು, ವಾಸಸ್ಥಳಗಳ ರಿಜಿಸ್ಟರು ಇಡತಕ್ಕದ್ದು. ಆ ರಿಜಿಸ್ಟರಿಗೆ ಸೇರಿದವರ ಆಸ್ತಿಯ ವಿವರ ಕೇಳಬಹುದು. ಅವರು ಹೆಣ್ಣುಡುಗೆ ಉಟ್ಟು ಬೀದಿಯಲ್ಲಿ ಕಾಣಿಸಿಕೊಂಡರೆ, ಕುಣಿದು ಹಾಡಿದರೆ, ಎರಡು ವರ್ಷದವರೆಗೆ ಸಜೆ. ಮಗುವಿಗೆ ಪೋಷಕರಾಗುವಂತಿಲ್ಲ, ದತ್ತು ತೆಗೆದುಕೊಳ್ಳುವಂತಿಲ್ಲ, ಯಾರಿಗೂ ದಾನಪತ್ರ ಬರೆಯುವಂತಿಲ್ಲ, ಸಾಯುವಾಗ ಉಯಿಲು ಬರೆಯುವಂತಿಲ್ಲ.

ಕೊನೆಯ ಮಾತನ್ನು ಗಮನಿಸಿ. ಉಯಿಲೂ ಒಂದು ಕಾಗದವೇ. ನನ್ನದು ಇಂಥವರಿಗೆ ಸೇರಲಿ ಎಂದು ಮನುಷ್ಯ ತನ್ನ ಕೈಯಿಂದ ಬರೆಯುವ ಕಾಗದ. ತಾನು ಅವರ ಮೇಲೆ ಬರೆಯಬಹುದು, ಅವರು ತಮಗಾಗಿ ಬರೆಯಕೂಡದು ಎಂದು ಸರ್ಕಾರವೇ ಕಾಯಿದೆಯ ಅಕ್ಷರದಲ್ಲಿ ಹೇಳಿತು. ಇಂದು ಆ ಕಾಲದ ಹಿಜಡಾಗಳ ಬದುಕು ತಿಳಿಯಬೇಕೆಂದು ಹೊರಟ ಇತಿಹಾಸಕಾರರು ಪೋಲೀಸರ, ಕಲೆಕ್ಟರರ ಕಡತಗಳನ್ನೇ ತಿರುವಿಹಾಕಬೇಕಾಗಿದೆ. ಬೇಟೆಗಾರನ ದಿನಚರಿ ಓದಿ ಜಿಂಕೆಯ ಸ್ವಭಾವ ಊಹಿಸಿದಂತೆ.

ಇದು ಉತ್ತರದ ಮಾತು, ನಮಗೇನು ಎನ್ನುವಿರಾ? ನಿಜಾಮರ ಹೈದರಾಬಾದಿನಲ್ಲಿ 1919ರಲ್ಲಿ ಇಂಥದೇ ಕಾಯಿದೆ ಬಂತು. ಬೀದರ, ಕಲಬುರಗಿ, ರಾಯಚೂರು ಆಗ ನಿಜಾಮರ ಸೀಮೆಯಲ್ಲಿದ್ದವು ಎಂಬುದನ್ನು ಮರೆಯಬಾರದು. ಆ ಕಾಯಿದೆಯನ್ನು ತೆಲಂಗಾಣದ ಹೈಕೋರ್ಟು ರದ್ದು ಮಾಡಿದ್ದು 2023ರ ಜುಲೈನಲ್ಲಿ. ನೂರಾನಾಲ್ಕು ವರ್ಷ! ನಿಜಾಮರು ಹೋದರು, ಬ್ರಿಟಿಷರು ಹೋದರು, ಪಟ್ಟಿ ಮಾತ್ರ ಪುಸ್ತಕದಲ್ಲಿ ಕುಳಿತೇ ಇತ್ತು.

ಅದಕ್ಕಿಂತ ಹತ್ತಿರದ್ದು ಇದೆ. 2011ರಲ್ಲಿ ನಮ್ಮ ಕರ್ನಾಟಕದ ಪೋಲೀಸು ಕಾಯಿದೆಗೆ 36ಎ ಎಂಬ ಹೊಸ ಕಲಮು ಸೇರಿಸಿದರು. ಹೊಸ ಕಲಮು, ಹಳೆಯ ಮಾತು. ಮಕ್ಕಳನ್ನು ಅಪಹರಿಸುವ, ಅನೈಸರ್ಗಿಕ ಅಪರಾಧ ಮಾಡುವ ಗುಮಾನಿ ಇರುವ "ಯೂನಕ್"ರ ಹೆಸರು, ವಿಳಾಸಗಳ ರಿಜಿಸ್ಟರನ್ನು ಪೋಲೀಸು ಕಮೀಷನರು ಇಡಬಹುದು, ಅವರ "ಅನಪೇಕ್ಷಿತ ಚಟುವಟಿಕೆ"ಗಳನ್ನು ಹತೋಟಿಯಲ್ಲಿಡಲು ಆಜ್ಞೆ ಹೊರಡಿಸಬಹುದು. 1871ರ ಕಾಯಿದೆಯ ಪಕ್ಕದಲ್ಲಿಟ್ಟು ಓದಿದರೆ ಒಂದೇ ಹಸ್ತದ ಬರಹ ಎನಿಸುತ್ತದೆ. ತಮಾಷೆಯೆಂದರೆ ಅದೇ 2011ರಲ್ಲಿ ಭಾರತದ ಜನಗಣತಿಯವರು ಗಂಡು, ಹೆಣ್ಣು ಎಂಬ ಎರಡು ಮನೆಗಳ ಜೊತೆ "ಇತರೆ" ಎಂಬ ಮೂರನೆಯದನ್ನು ಮೊದಲ ಬಾರಿಗೆ ಕೊಟ್ಟರು. ದೇಶದಲ್ಲಿ ಸುಮಾರು 4 ಲಕ್ಷ 88 ಸಾವಿರ, ಕರ್ನಾಟಕದಲ್ಲಿ 20,266 ಜನ ಆ ಮನೆಯಲ್ಲಿ ಎಣಿಕೆಯಾದರು. ದೆಹಲಿಯ ಕಚೇರಿ ಅವರನ್ನು ಪ್ರಜೆಗಳೆಂದು ಎಣಿಸಿದ ವರ್ಷವೇ ಬೆಂಗಳೂರಿನ ಸರ್ಕಾರ ಅವರನ್ನು ಗುಮಾನಿ ಆಸಾಮಿಗಳೆಂದು ಬರೆದುಕೊಳ್ಳಲು ಅಧಿಕಾರ ಕೊಟ್ಟಿತು.

ಇದನ್ನು ತಡೆದವರು ಯಾರು? ಆ ಜನರೇ. ಕರ್ನಾಟಕ ಲೈಂಗಿಕ ಅಲ್ಪಸಂಖ್ಯಾತರ ವೇದಿಕೆ ಹೈಕೋರ್ಟಿಗೆ ಹೋಯಿತು. ದಾವೆ ನಡೆಯುತ್ತಿರುವಾಗಲೇ ಸರ್ಕಾರ ಆ "ಯೂನಕ್" ಶಬ್ದವನ್ನು ಕಲಮಿನಿಂದ ಕಿತ್ತುಹಾಕಬೇಕಾಯಿತು. ಪೋಲೀಸಿನ ಪಟ್ಟಿಗೆ ಎದುರಾಗಿ ನಿಲ್ಲುವ ಈ ಶಕ್ತಿ ಎಲ್ಲಿಂದ ಬಂತೆಂದು ಹುಡುಕಿಕೊಂಡು ಹೋದರೆ ನಮಗೆ ಸಿಗುವುದು ಕಾಗದ ತುಂಬಿದ ಒಂದು ಕೋಣೆ.

1999ರಲ್ಲಿ ಬೆಂಗಳೂರಿನಲ್ಲಿ "ಸಂಗಮ" ಎಂಬ ಸಂಸ್ಥೆ ಹುಟ್ಟಿತು. ಹುಟ್ಟಿದಾಗ ಅದು ಧರಣಿ ಕೂರುವ ಸಂಘವಲ್ಲ. ಅದೊಂದು ದಾಖಲೆಗಳ ಕೇಂದ್ರ. ಪುಸ್ತಕ, ಪತ್ರಿಕೆ, ವರದಿಗಳನ್ನು ಕೂಡಿಟ್ಟು ಓದಲು ಬಂದವರಿಗೆ ಕೊಡುವ ಜಾಗ. ಇಂಗ್ಲಿಷು ಬಲ್ಲವರಿಗೆ ಅನುಕೂಲವಾದ ಏರ್ಪಾಡು. ಆದರೆ ಬಾಗಿಲು ತೆರೆದಿಟ್ಟರೆ ಬರುವವರನ್ನು ಆರಿಸಿಕೊಳ್ಳಲಾಗುವುದಿಲ್ಲ. ಇಂಗ್ಲಿಷು ಬಾರದ ಬಡ ಹಿಜಡಾಗಳು ಬಂದರು. ಅವರು ಪುಸ್ತಕ ಓದಲು ಬಂದವರಲ್ಲ. ಲಾಠಿ ಏಟು ತಿಂದು ಬಂದವರು, ಮನೆಯಿಂದ ಹೊರದಬ್ಬಿಸಿಕೊಂಡವರು, ಬಾಡಿಗೆ ಮನೆ ಸಿಗದವರು. ವಾಚನಾಲಯ ಠಾಣೆಗೆ ಓಡುವ ಸಂಘವಾಯಿತು. ಇದು ನಮಗೆ ಬಹಳ ಹಿಡಿಸಿದ ಸಂಗತಿ. ಸಾಮಾನ್ಯವಾಗಿ ಹೋರಾಟ ಮುದಿಯಾದ ಮೇಲೆ ಗ್ರಂಥಾಲಯವಾಗುತ್ತದೆ. ಇಲ್ಲಿ ಗ್ರಂಥಾಲಯ ಹೋರಾಟವಾಯಿತು!

ಹಾಗೆಂದು ಬರೆದಿಡುವುದನ್ನು ಬಿಡಲಿಲ್ಲ. ಜಯಪ್ರಕಾಶ ನಾರಾಯಣರು ತುರ್ತು ಪರಿಸ್ಥಿತಿಯ ಕಾಲದಲ್ಲಿ ಕಟ್ಟಿದ ಪಿ.ಯು.ಸಿ.ಎಲ್. ಸಂಸ್ಥೆಯ ಕರ್ನಾಟಕ ಶಾಖೆ 2001ರಲ್ಲಿ ಬೆಂಗಳೂರಿನ ಲೈಂಗಿಕ ಅಲ್ಪಸಂಖ್ಯಾತರ ಮೇಲಿನ ದೌರ್ಜನ್ಯಗಳ ಬಗ್ಗೆ ಒಂದು ವರದಿ, 2003ರಲ್ಲಿ ಹಿಜಡಾ ಮತ್ತು ಕೋತಿಗಳ ಬಗ್ಗೆ ಇನ್ನೊಂದು ವರದಿ ತಂದಿತು. ಕೋತಿ ಎಂದು ಕೇಳಿ ಯಾರೂ ನಗಬಾರದು. ಗಂಡಾಗಿ ಹುಟ್ಟಿ ಹೆಣ್ಣಿನ ನಡೆಯುಳ್ಳವರು ತಮ್ಮವರನ್ನು ಕರೆದುಕೊಳ್ಳುವ ಹೆಸರು ಅದು. ಯಾವ ಜಾಗದಲ್ಲಿ ಹಿಡಿದರು, ಠಾಣೆಯಲ್ಲಿ ಏನು ಮಾಡಿದರು, ಎಷ್ಟು ಕಿತ್ತುಕೊಂಡರು ಎಂದು ಅನುಭವಿಸಿದವರ ಬಾಯಿಂದಲೇ ಕೇಳಿ ಬರೆದದ್ದು. ಬೀದಿ ವ್ಯಾಪಾರಿ ಮಿತ್ರರೇ, ಮಾಮೂಲಿನ ಲೆಕ್ಕವನ್ನು ಹೀಗೆ ದಿನಾಂಕ ಹಾಕಿ ಬರೆದಿಟ್ಟವರು ನಮ್ಮಲ್ಲಿ ಎಷ್ಟು ಮಂದಿ?

ಆ ಬರಹದ ಫಲ ನೋಡಿ. 2004ರಲ್ಲಿ ಬೆಂಗಳೂರಿನಲ್ಲಿ ಒಬ್ಬ ಹಿಜಡಾ ಗೂಂಡಾಗಳ ಅತ್ಯಾಚಾರಕ್ಕೆ ಗುರಿಯಾದರು. ರಕ್ಷಿಸಬೇಕಾದ ಪೋಲೀಸರು ಠಾಣೆಗೊಯ್ದು ಅವರನ್ನೇ ಹಿಂಸಿಸಿದರು. ಸಾಮಾನ್ಯವಾಗಿ ಇಂಥ ಸುದ್ದಿ ಒಂದು ದಿನದ ಪತ್ರಿಕೆಯಲ್ಲಿ ಬಂದು ಮರುದಿನ ಬಜ್ಜಿ ಕಟ್ಟುವ ಕಾಗದವಾಗುತ್ತದೆ. ಇದು ಹಾಗಾಗಲಿಲ್ಲ. ಬರೆದಿಟ್ಟರು, ಕಾಪಾಡಿದರು, ನ್ಯಾಯಾಲಯಕ್ಕೆ ಮುಟ್ಟಿಸಿದರು. 2009ರ ಜುಲೈ 2ರಂದು ದೆಹಲಿ ಹೈಕೋರ್ಟು 377ನೆಯ ಕಲಮಿನ ಮೇಲೆ ಕೊಟ್ಟ ತೀರ್ಪಿನಲ್ಲಿ ಈ "ಬೆಂಗಳೂರು ಘಟನೆ" ಸೇರಿದೆ. ಆ ತೀರ್ಪು 2013ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿತ್ತು, 2018ರ ಸೆಪ್ಟೆಂಬರ್ 6ರಂದು ಅದೇ ಕೋರ್ಟಿನ ದೊಡ್ಡ ಪೀಠದಲ್ಲಿ ಮತ್ತೆ ಎದ್ದಿತು. ನಡುವೆ 2014ರ ಏಪ್ರಿಲ್ 15ರಂದು ನ್ಯಾಯಮೂರ್ತಿಗಳಾದ ರಾಧಾಕೃಷ್ಣನ್, ಸಿಕ್ರಿ ಅವರು ಲಿಂಗತ್ವ ಅಲ್ಪಸಂಖ್ಯಾತರನ್ನು ಮೂರನೆಯ ಲಿಂಗವೆಂದು ಒಪ್ಪಿ, 1871ರ ಕಾಯಿದೆಯ ಅನ್ಯಾಯವನ್ನೂ ಅದೇ ತೀರ್ಪಿನಲ್ಲಿ ನೆನೆದರು. ನಮಗೆ ಕೋರ್ಟುಗಳ ಮೇಲೆ ವಿಪರೀತ ಭಕ್ತಿಯಿಲ್ಲ. ಆದರೆ ಠಾಣೆಯ ಹಿಂದಿನ ಕೋಣೆಯಲ್ಲಿ ನಡೆದದ್ದು ಐದು ವರ್ಷದ ಮೇಲೆ ದೆಹಲಿಯ ನ್ಯಾಯಾಧೀಶರ ಮೇಜಿನ ಮೇಲಿತ್ತಲ್ಲ, ಅದನ್ನು ಅಲ್ಲಿಗೆ ಹೊತ್ತದ್ದು ಕಾಗದ.

ಇದೇ ಸಂಗಮ ಸಂಸ್ಥೆಯೇ ರಾಜ್ಯದ ಪೋಲೀಸು ನೇಮಕದಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಜಾಗವಿಲ್ಲವೇಕೆಂದು ಹೈಕೋರ್ಟಿನಲ್ಲಿ ಕೇಳಿತು. 2021ರ ಜುಲೈನಲ್ಲಿ ಸರ್ಕಾರ ನೇಮಕಾತಿ ನಿಯಮ ತಿದ್ದಿ ಸರ್ಕಾರಿ ಹುದ್ದೆಗಳಲ್ಲಿ ಶೇಕಡಾ 1 ಮೀಸಲು ಕೊಟ್ಟಿತು. 2011ರಲ್ಲಿ ಪೋಲೀಸಿನ ಗುಮಾನಿ ಪಟ್ಟಿ, 2021ರಲ್ಲಿ ಪೋಲೀಸಿನ ನೇಮಕದ ಪಟ್ಟಿ. ಎರಡರ ನಡುವೆ ಹತ್ತು ವರ್ಷ. ಶೇಕಡಾ 1 ಎಂಬುದು ಹೊಟ್ಟೆ ತುಂಬುವ ಮಾತಲ್ಲ, ಹುದ್ದೆಗಳನ್ನೇ ಗುತ್ತಿಗೆಗೆ ಕೊಡುತ್ತಿರುವ ಕಾಲದಲ್ಲಂತೂ ಅಲ್ಲ. ಆದರೂ ಲೆಕ್ಕ ಲೆಕ್ಕವೇ.

ಅದೇ ಕಚೇರಿಯಲ್ಲಿ ಕೆಲಸ ಮಾಡಿದ ಎ. ರೇವತಿಯವರ ಹೆಸರನ್ನು ಇಲ್ಲಿ ಹೇಳಲೇಬೇಕು. ತಮಿಳುನಾಡಿನ ಹಳ್ಳಿಯಿಂದ ಬಂದವರು. ಮೊದಲು ತಮ್ಮಂಥವರ ಬಾಳಿನ ಕಥೆಗಳನ್ನು ಕೇಳಿ ಕೂಡಿಸಿ ತಮಿಳಿನಲ್ಲಿ ಪುಸ್ತಕ ಮಾಡಿದರು. ಆಮೇಲೆ ತಮ್ಮದೇ ಬಾಳನ್ನು ಬರೆದರು. ದು. ಸರಸ್ವತಿಯವರು ಅದನ್ನು "ಬದುಕು ಬಯಲು" ಎಂದು ಕನ್ನಡಕ್ಕೆ ತಂದರು. ನಮ್ಮದೇ ಜಿಲ್ಲೆಯ ಹೆಗ್ಗೋಡಿನ ಜನಮನದಾಟ ತಂಡ ಅದನ್ನು ನಾಟಕವಾಗಿ ಊರೂರಿಗೆ ಒಯ್ದಿತು. 1871ರ ಕಾಯಿದೆ ಉಯಿಲು ಬರೆಯಬಾರದು ಎಂದಿತ್ತಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ಜವಾಬು ಬೇಕೆ?

ಇಂಥ ಸಂಘಗಳ ಪೆಟ್ಟಿಗೆ ತೆರೆದರೆ ಏನಿರುತ್ತದೆ? ದೊಡ್ಡ ಗ್ರಂಥಗಳಿರುವುದಿಲ್ಲ. ಭಾನುವಾರದ ಸಭೆಗೆ ಬಂದವರ ರುಜು. ಅರ್ಧ ಹರಿದ ಕರಪತ್ರ. ಠಾಣೆಗೆ ಕೊಟ್ಟ ಅರ್ಜಿಯ ನಕಲು. ಆಸ್ಪತ್ರೆಯ ಚೀಟಿ. ಹಳ್ಳಿಯಿಂದ ಬಂದ ಒಂದು ಪತ್ರ: ನನ್ನಂಥವರು ಬೇರೆ ಯಾರಾದರೂ ಇದ್ದಾರೆಯೆ ಎಂದು ಮಾತ್ರ ಕೇಳಿರುವುದು. ನಮ್ಮ ಸಂಘದ ದಫ್ತರಿನಲ್ಲಿ ಇರುವುದೂ ಇದೇ ತಾನೆ? ಸದಸ್ಯತ್ವದ ರಶೀದಿ, ಬೇಡಿಕೆಯ ಪತ್ರದ ನಕಲು, ವಜಾ ಆದವನ ಮನವಿ.

ಈ ಹೋಲಿಕೆ ನಮ್ಮ ಕಲ್ಪನೆಯೆಂದು ತಿಳಿಯಬೇಡಿ. ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಜೋ ಲೆಬೆಡೀ ಎಂಬ ಮುದ್ರಣ ಕಾರ್ಮಿಕನಿದ್ದ. ಅಚ್ಚಿನ ಮೊಳೆ ಜೋಡಿಸುತ್ತ ಕಾರ್ಮಿಕರ ಸಂಘ ಕಟ್ಟಿದವನು. ಸಂಘಗಳ ಕರಪತ್ರ, ಪತ್ರಿಕೆ, ಕಾಗದಪತ್ರಗಳನ್ನೆಲ್ಲ ಮನೆಯಲ್ಲಿ ಕೂಡಿಟ್ಟಿದ್ದ. 1911ರಲ್ಲಿ ಅದನ್ನೆಲ್ಲ ಮಿಚಿಗನ್ ವಿಶ್ವವಿದ್ಯಾನಿಲಯಕ್ಕೆ ಕೊಟ್ಟ. ಅದೇ ದೇಶದ ಅಟ್ಲಾಂಟಾದ ಬಳಿ 1990ರಲ್ಲಿ ಡಲ್ಲಾಸ್ ಡೆನ್ನಿ ಎಂಬಾಕೆ ಲಿಂಗ ಬದಲಿಸಿಕೊಂಡವರಿಗೆ ತಿಳಿವಳಿಕೆ, ನೆರವು ಕೊಡುವ ಒಂದು ಸಂಸ್ಥೆ ಕಟ್ಟಿದರು. ಪತ್ರಗಳಿಗೆ ಉತ್ತರ ಬರೆಯುವುದು, ಸರಿಯಾದ ವೈದ್ಯರ ವಿವರ ಕೊಡುವುದು, ಪುಸ್ತಕ ಪತ್ರಿಕೆ ಕೂಡಿಡುವುದು ಅದರ ಕೆಲಸ. ಕೂಡಿಟ್ಟದ್ದು ಬೆಳೆದು ದೊಡ್ಡ ಸಂಗ್ರಹವಾದಾಗ ಅದನ್ನು ಕೊನೆಗೆ ಎಲ್ಲಿಗೆ ಕೊಟ್ಟರು ಗೊತ್ತೆ? ಮಿಚಿಗನ್ನಿನ ಅದೇ ಲೆಬೆಡೀ ಸಂಗ್ರಹಕ್ಕೆ. ಮುದ್ರಣ ಕಾರ್ಮಿಕನ ಕರಪತ್ರಗಳೂ ಆ ಹೆಂಗಸಿನ ಸಂಸ್ಥೆಯ ಪತ್ರಗಳೂ ಇಂದು ಒಂದೇ ಸೂರಿನ ಕೆಳಗಿವೆ. ಅವು ಪರಸ್ಪರ ಜಗಳವಾಡಿದ ವರ್ತಮಾನ ಇಲ್ಲ.

ನಮ್ಮಲ್ಲೂ ಆ ಕೆಲಸ ಆರಂಭವಾಗಿದೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ "ಕಾಮ್ರಾ" ಎಂಬ ದಾಖಲಾಗಾರವಿದೆ. ಚಲನಚಿತ್ರಗಳು, ಮೊಕದ್ದಮೆಯ ಕಾಗದಗಳು, ಕರಪತ್ರಗಳು, ವ್ಯಕ್ತಿಗಳ ಸ್ವಂತ ಸಂಗ್ರಹಗಳನ್ನು ಅಲ್ಲಿ ಕಾಪಾಡುತ್ತಾರೆ.

ವೈರಿಗಂತೂ ಈ ನಂಟು ಮೊದಲೇ ಗೊತ್ತಿತ್ತು. ಜರ್ಮನಿಯ ಬರ್ಲಿನ್ನಿನಲ್ಲಿ ಡಾಕ್ಟರ್ ಮ್ಯಾಗ್ನಸ್ ಹಿರ್ಷ್‌ಫೆಲ್ಡ್ 1919ರಲ್ಲಿ ಒಂದು ಸಂಸ್ಥೆ ತೆರೆದಿದ್ದ. ಗಂಡು ಹೆಣ್ಣುಗಳ ನಡುವೆ ಇರುವವರಿಗೆ ಚಿಕಿತ್ಸೆ, ಸಲಹೆ, ಆಶ್ರಯ. ಜೊತೆಗೆ ಪುಸ್ತಕಗಳ, ಚಿತ್ರಗಳ, ಕಡತಗಳ ಭಂಡಾರ. 1931ರಲ್ಲಿ ನಮ್ಮ ದೇಶಕ್ಕೂ ಬಂದು ಹೋದ ಮನುಷ್ಯ. 1933ರಲ್ಲಿ ಹಿಟ್ಲರನ ಕೈಗೆ ಅಧಿಕಾರ ಬಂತು. ಆ ವರ್ಷ ಮೇ 2ರಂದು ನಾಜಿಗಳು ದೇಶದ ಉದ್ದಕ್ಕೂ ಕಾರ್ಮಿಕ ಸಂಘಗಳ ಕಚೇರಿಗಳಿಗೆ ನುಗ್ಗಿ ಬೀಗ ಜಡಿದರು. ಮೇ 6ರಂದು ಹಿರ್ಷ್‌ಫೆಲ್ಡನ ಸಂಸ್ಥೆಗೆ ನುಗ್ಗಿದರು. ಮೇ 10ರ ರಾತ್ರಿ ಅಲ್ಲಿಯ ಪುಸ್ತಕಗಳನ್ನು ಚೌಕದಲ್ಲಿ ರಾಶಿ ಹಾಕಿ ಸುಟ್ಟರು. ಮೊದಲು ಕಾರ್ಮಿಕರ ದಫ್ತರು, ನಾಲ್ಕೇ ದಿನಕ್ಕೆ ಇವರ ದಫ್ತರು. ನಮ್ಮವರು ಯಾರು ಎಂದು ನಮಗೆ ಅನುಮಾನವಿರಬಹುದು, ಸುಡಲು ಬಂದವನಿಗೆ ಇರಲಿಲ್ಲ.

ಈಗ ಒಂದು ಕಷ್ಟದ ಮಾತು. ಬರೆದಿಡಿ ಬರೆದಿಡಿ ಎಂದು ಹೇಳುವುದು ಸುಲಭ. ಬರೆದಿಟ್ಟ ಪುಸ್ತಕ ಬೇರೆಯವರ ಕೈಗೆ ಸಿಕ್ಕರೆ? ಸಂಘದ ಹಾಜರಿ ಪುಸ್ತಕ ಠಾಣೆಯ ಮೇಜಿಗೆ ಹೋದ ಕ್ಷಣದಿಂದ ಅದು ಸಂಘದ್ದಲ್ಲ, 1871ರ ರಿಜಿಸ್ಟರೇ. ಮುಷ್ಕರದ ಕಾಲದಲ್ಲಿ ಸದಸ್ಯರ ಪಟ್ಟಿ ಮಾಲೀಕರ ಕೈಗೆ ಹೋದರೆ ಏನಾಗುತ್ತದೆ ಎಂದು ತಮಗೆ ಗೊತ್ತು. ಮಂಗಳಮುಖಿಯರಲ್ಲಿ ಎಷ್ಟೋ ಮಂದಿಗೆ ಊರಿನಲ್ಲಿ ತಾಯಿ ಇದ್ದಾರೆ, ತಂಗಿಯ ಮದುವೆ ಬಾಕಿ ಇದೆ. ತಾವು ಎಲ್ಲಿದ್ದೇವೆ, ಹೇಗಿದ್ದೇವೆ ಎಂಬುದು ಊರಿಗೆ ತಿಳಿಯುವುದು ಬೇಡ. ಹಳೆಯ ಹೆಸರು ಬರೆದ ಒಂದು ಕಾಗದ ಅವರಿಗೆ ಚುಚ್ಚುವ ಮುಳ್ಳು. ಅದೇ ಕಾಗದವಿಲ್ಲದಿದ್ದರೆ ಕಚೇರಿಯಲ್ಲಿ ಕೆಲಸವಾಗದು. 2019ರಲ್ಲಿ ಕೇಂದ್ರ ಸರ್ಕಾರ ತಂದ ಕಾಯಿದೆ ಗುರುತಿನ ಪತ್ರಕ್ಕಾಗಿ ಅವರನ್ನು ಜಿಲ್ಲಾಧಿಕಾರಿಗಳ ಬಾಗಿಲಿಗೆ ಕಳಿಸಿತು. ನಾನು ಯಾರೆಂದು ಹೇಳಲು ನನ್ನ ಬಾಯಿ ಸಾಲದು, ಮೊಹರು ಬೇಕು ಎಂಬುದು ಯಾವ ನ್ಯಾಯವೆಂದು ಅವರ ಸಂಘಗಳು ಬೀದಿಗಿಳಿದು ಕೇಳಿದವು. ಮೇಷ್ಟ್ರಾಗಿ ಎಷ್ಟೋ ಮಕ್ಕಳ ಜನ್ಮ ದಿನಾಂಕವನ್ನು ಅಂದಾಜಿನಿಂದ ಜೂನ್ 1 ಎಂದು ಬರೆದ ನಮಗೆ ಮೊಹರಿನ ಮಹಿಮೆ ಚೆನ್ನಾಗಿ ಗೊತ್ತು.

ಆದ್ದರಿಂದ ಪೆಟ್ಟಿಗೆ ಎಷ್ಟು ಮುಖ್ಯವೋ ಬೀಗವೂ ಅಷ್ಟೇ ಮುಖ್ಯ. ಬೀಗದ ಕೈ ಯಾರಲ್ಲಿದೆ ಎಂಬುದು ಎಲ್ಲಕ್ಕಿಂತ ಮುಖ್ಯ. ಯಾರ ಬದುಕಿನ ಕಾಗದವೋ ಅವರ ಒಪ್ಪಿಗೆಯಿಲ್ಲದೆ ಯಾರೂ ತೆಗೆಯಕೂಡದು. ಪತ್ರಿಕೆಯವರೂ ಕೂಡದು, ಪಕ್ಷದವರೂ ಕೂಡದು, ಭಾಷಣ ಮಾಡುವ ನಾವೂ ಕೂಡದು.

ಇನ್ನು ಇದೆಲ್ಲ ಈ ಸಭೆಗೆ ಏಕೆ ಬಂತೆಂದು ಹೇಳಿಬಿಡುತ್ತೇವೆ. ಹೋದ ತಿಂಗಳು ಒಂದು ಮಧ್ಯಾಹ್ನ ಗೋಪಾಳದ ನಮ್ಮ ಕಚೇರಿಗೆ ಇಬ್ಬರು ಬಂದರು. ಒಬ್ಬರಿಗೆ ಐವತ್ತು ದಾಟಿದೆ, ಇನ್ನೊಬ್ಬರು ಚಿಕ್ಕವರು. ಅಂಗಡಿ ಬಾಗಿಲುಗಳಲ್ಲಿ ಚಪ್ಪಾಳೆ ತಟ್ಟಿ ಕಾಸು ಕೇಳುವವರೆಂದು ತಾವು ಬಲ್ಲ ಜನವೇ. ನಮ್ಮ ಹುಡುಗನೊಬ್ಬ ಅಭ್ಯಾಸಬಲದಿಂದ ಐದು ರೂಪಾಯಿ ತೆಗೆದು ಚಾಚಿದ. ಹಿರಿಯರು ನಕ್ಕು, "ಇವತ್ತು ಕೇಳೋಕೆ ಬಂದಿಲ್ಲ ತಮ್ಮಾ, ಕೊಡೋಕೆ ಬಂದಿದೀವಿ" ಎಂದು ಪ್ಲಾಸ್ಟಿಕ್ ಚೀಲವೊಂದನ್ನು ಮೇಜಿನ ಮೇಲಿಟ್ಟರು.

ಒಳಗೆ ಅವರೂ ಅವರ ಗೆಳತಿಯರೂ ಹಲವು ವರ್ಷ ಕೂಡಿಟ್ಟ ಕಾಗದಗಳು. ಮಾಸಾಶನದ ಅರ್ಜಿಗಳು, ತಿರಸ್ಕಾರದ ಷರಾ ಬರೆದ ಹಿಂಬರಹಗಳು, ಬಾಡಿಗೆ ಮನೆಯ ಮುಂಗಡದ ಚೀಟಿ, ತೀರಿಕೊಂಡ ಒಬ್ಬಾಕೆಯ ಆಸ್ಪತ್ರೆ ಕಾಗದ, ಫೋಟೋಗಳು, ಶಾಲೆಯ ಒಂದು ವರ್ಗಾವಣೆ ಪತ್ರ. "ನಮ್ಮ ಮನೆ ವರ್ಷಕ್ಕೊಂದು ಬದಲಾಗ್ತದೆ ಮೇಷ್ಟ್ರೇ. ಮಳೆಗಾಲದಲ್ಲಿ ಸೋರ್ತದೆ. ಹೋದ ವರ್ಷ ಅರ್ಧ ನೆನೆದು ಮುದ್ದೆಯಾಯ್ತು. ನಿಮ್ಮ ಕಚೇರಿಗೆ ಹಂಚು ಗಟ್ಟಿ ಇದೆಯಲ್ಲ" ಎಂದರು.

ನಾವು ಆ ವರ್ಗಾವಣೆ ಪತ್ರವನ್ನು ಕೈಗೆ ತೆಗೆದುಕೊಂಡು ಸ್ವಲ್ಪ ಹೊತ್ತು ನೋಡಿದೆವು. ಅದು ನಮ್ಮ ಶಾಲೆಯದಲ್ಲ. ಆ ಹುಡುಗನದಲ್ಲ. ಶರಾ ಬರೆದ ಅಕ್ಷರ ಮಾತ್ರ ಎಲ್ಲ ಮೇಷ್ಟರುಗಳದೂ ಒಂದೇ ತರಹ ಇರುತ್ತದೆ.

ಚೀಲವನ್ನು ಎಲ್ಲಿಡುವುದೆಂದು ಕಪಾಟು ತೆರೆದರೆ ಏನು ಕಾಣಬೇಕು! ನಮ್ಮದೇ ಹಳೆಯ ಕಡತಗಳಿಗೆ ಗೆದ್ದಲು ಹಿಡಿದಿದೆ. ಎಷ್ಟು ಮುಷ್ಕರಗಳ ಕರಪತ್ರ, ಎಷ್ಟು ಜನರ ರುಜು ಮಣ್ಣಾಗಿದೆಯೋ ಹೇಳಲು ನಾಚಿಕೆ. ಚೀಲದ ಕಾಗದಗಳನ್ನು ಅವರು ಇಸವಿಯ ಪ್ರಕಾರ ಜೋಡಿಸಿ, ಪ್ರತಿ ಕಟ್ಟಿಗೂ ದಾರ ಕಟ್ಟಿದ್ದರು. ಲೋಕ ಇವರಿಗೆ ಬುದ್ಧಿ ಹೇಳುತ್ತದೆ! ಅವರೆದುರಿಗೆ ನಾವು ಕಪಾಟಿನ ಬಾಗಿಲನ್ನು ಮೆಲ್ಲಗೆ ಮುಚ್ಚಿದೆವು. ಹಿರಿಯರು ನೋಡಿಬಿಟ್ಟಿದ್ದರು. "ಬೇವಿನ ಎಲೆ ಹಾಕ್ಬೇಕು ಮೇಷ್ಟ್ರೇ, ಒಣಗಿಸಿ" ಎಂದರು.

ಆ ದಿನ ಚೀಲವನ್ನು ತೆಗೆದುಕೊಳ್ಳಲಿಲ್ಲ. ತಿಂಗಳು ಗಡುವು ಕೇಳಿದೆವು. ಕಾರ್ಯಕಾರಿ ಸಮಿತಿಯಲ್ಲಿ ಈ ಮಾತು ಎತ್ತಿದಾಗ ವಾದವಾಯಿತು, ಮುಚ್ಚಿಡುವುದಿಲ್ಲ. ಪಕ್ಷದ ಕಚೇರಿಯಲ್ಲಿ ಇದು ಹೇಗೆ, ಜನ ಏನೆಂದಾರು ಎಂದವರಿದ್ದರು. ಒಬ್ಬ ಹಮಾಲಿ ಸದಸ್ಯರು, ಹೆಚ್ಚು ಮಾತಾಡುವವರಲ್ಲ, "ಚೀಲ ಇಡೋಕೆ ಜಾಗ ಕೇಳಿದಾರೆ. ನಾವು ಜೀವನವೆಲ್ಲ ಬೇರೆಯವರ ಚೀಲ ಹೊತ್ತಿದೀವಿ" ಎಂದರು. ಅಲ್ಲಿಗೆ ವಾದ ನಿಂತಿತು.

ತೀರ್ಮಾನ ಇಷ್ಟು. ಹೊಸ ಕಬ್ಬಿಣದ ಬೀರು ಒಂದು ಬಂದಿದೆ; ಬೆಲೆಯ ಅರ್ಧವನ್ನು ಗಾಂಧಿ ಬಜಾರಿನ ಮಿತ್ರರು ಕೊಟ್ಟಿದ್ದಾರೆ, ಉಳಿದರ್ಧ ಸಾಲ. ಮೇಲಿನ ಎರಡು ಅರೆ ಸಂಘದ ಕಾಗದಗಳಿಗೆ. ಕೆಳಗಿನ ಅರೆ ಅವರದು. ಅದಕ್ಕೆ ಬೇರೆ ಬೀಗ, ಅದರ ಕೈ ಅವರ ಬಳಿ ಮಾತ್ರ ಇರುತ್ತದೆ, ನಮ್ಮ ಬಳಿ ನಕಲು ಇರುವುದಿಲ್ಲ. ಕೊಟ್ಟದ್ದಕ್ಕೆ ರಶೀದಿ ಕೊಡುತ್ತೇವೆ. ರಶೀದಿಯಲ್ಲಿ ಅವರು ಹೇಳಿದ ಹೆಸರನ್ನೇ ಬರೆಯತಕ್ಕದ್ದು. ಭದ್ರಾವತಿಯ ಬಂಧುಗಳು ಮನೆಯ ಟ್ರಂಕುಗಳಲ್ಲಿ ಇರುವ ಹಳೆಯ ಚೀಟಿ, ಕರಪತ್ರ, ಫೋಟೋಗಳನ್ನು ತಂದರೆ ಮೇಲಿನ ಅರೆಯಲ್ಲಿ ಜಾಗವಿದೆ. ತರುವ ಮೊದಲು ಮನೆಯಾಕೆಯನ್ನು ಕೇಳಿ; ಇಟ್ಟವರು ಅವರು.

ಬರುವ ಭಾನುವಾರ ಬೆಳಗ್ಗೆ ಹತ್ತಕ್ಕೆ ಹಳೆಯ ಕಪಾಟು ಬಿಚ್ಚಿ ಗೆದ್ದಲು ಒರೆಸುವ ಕೆಲಸವಿದೆ. ಆ ಇಬ್ಬರೂ ಬರುತ್ತಾರೆ, ಬೇವಿನ ಎಲೆ ಅವರೇ ತರುತ್ತಾರಂತೆ. ಬರುವವರು ಒಂದೊಂದು ಹಳೆಯ ಬಟ್ಟೆ ತರತಕ್ಕದ್ದು. ಮೂರನೆಯ ಸಾಲಿನಲ್ಲಿ ಕುಳಿತಿರುವ ಮಿತ್ರರ ಮನೆ ಕಚೇರಿಯ ಎದುರಿಗೇ ಇದೆ, ಏಣಿ ಅವರಲ್ಲಿದೆ.